ನಿಮ್ಮ ಪ್ರಶ್ನೆ, ನಮ್ಮ ಉತ್ತರ: ದಿಂಬಿನಡಿ ಹಲಗೆ ಇಟ್ಕೊಂಡು ಮಲಗ್ತಿದ್ದ ಚಕ್ರವರ್ತಿ

ಹೋದ ಸಲ ಇಂಗ್ಲಿಷಿನ ಸಣ್ಣಕ್ಷರಗಳು ಎಲ್ಲಿಂದ ಬಂದ್ವು ಅಂತ ಓದುಗರೊಬ್ರು ಕೇಳಿದ್ದಕ್ಕೆ ಸುಮಾರು ಸಾವಿರದ ಇನ್ನೂರು ವರ್ಷದ ಹಿಂದೆ ಪಶ್ಚಿಮ ಯುರೋಪ್ ಆಳಿದ ಶಾರ್ಲಮೇನ್ ಅನ್ನೋ ಚಕ್ರವರ್ತಿ ಹೆಸರು ಹೇಳಿ ಒಂದೇ ಸಾಲಲ್ಲಿ ಮುಗಿಸಿದ್ದೆ. ಆ ಒಂದು ಸಾಲು ಹಿಡ್ಕೊಂಡು ಬಂದಿರೋ ಕಾಗದ, ಈಮೇಲ್ ನೋಡಿ ಖುಷಿಯಾಯ್ತು. ನಂಗೂ ಬಹಳ ವರ್ಷದಿಂದ ಹಿಡಿಸಿರೋ, ಅಷ್ಟೇ ಕಾಡಿರೋ ಮನುಷ್ಯ ಅವನು, ಅದಕ್ಕೇ ಈ ಸಲ ಇಡೀ ಕಾಲಂ ಅವನಿಗೇ.

ಪ್ರಶ್ನೆ: ಒಂದು ಪುಸ್ತಕದಲ್ಲಿ ಫ್ರಾನ್ಸಿನ ರಾಜ ಅಂತಿದೆ, ಇನ್ನೊಂದ್ರಲ್ಲಿ ಜರ್ಮನಿಯ ರಾಜ ಅಂತಿದೆ. ಯಾವುದು ಸರಿ ಸಾರ್? (ದಾವಣಗೆರೆಯಿಂದ ಒಬ್ಬ ಓದುಗರು)

ಉತ್ತರ: ಅವನು ಬದುಕಿದ್ದಾಗ ಫ್ರಾನ್ಸ್ ಅನ್ನೋ ದೇಶಾನೂ ಇರ್ಲಿಲ್ಲ, ಜರ್ಮನಿ ಅನ್ನೋ ದೇಶಾನೂ ಇರ್ಲಿಲ್ಲ. ಇದ್ದದ್ದು ಫ್ರಾಂಕರ ರಾಜ್ಯ. ರೈನ್ ನದಿ ಆಸುಪಾಸಿನ ಜರ್ಮಾನಿಕ್ ಬುಡಕಟ್ಟಿನ ಜನ ಇವ್ರು, ಪಶ್ಚಿಮದ ರೋಮ್ ಸಾಮ್ರಾಜ್ಯ ಬಿದ್ದುಹೋದ ಕಾಲಕ್ಕೆ ಗಾಲ್ ಪ್ರಾಂತ್ಯಾನ (ಈಗಿನ ಫ್ರಾನ್ಸ್ ಕಡೆಯ ನಾಡು) ಹಿಡ್ಕೊಂಡು ಅಲ್ಲೇ ಬೇರು ಬಿಟ್ರು, ಫ್ರಾನ್ಸ್ ಅನ್ನೋ ಹೆಸರು ಬಂದಿದ್ದೂ ಇವರಿಂದಾನೇ, ಆದ್ರೆ ಶಾರ್ಲಮೇನ್ ಮನೇಲಿ ಆಡ್ತಿದ್ದ ಮಾತು ಮಾತ್ರ ಜರ್ಮನ್ ಕುಟುಂಬದ್ದು. ಫ್ರೆಂಚರು ಶಾರ್ಲಮೇನ್ ಅಂತಾರೆ, ಜರ್ಮನ್ನರು ಕಾರ್ಲ್ ಡೆರ್ ಗ್ರೋಸೆ ಅಂತಾರೆ, ಲ್ಯಾಟಿನ್‌ನಲ್ಲಿ ಕರೋಲುಸ್ ಮಾಗ್ನುಸ್. ಎಲ್ಲಕ್ಕೂ ಅರ್ಥ ಒಂದೇ, ದೊಡ್ಡ ಚಾರ್ಲ್ಸ್. ಆ ಕಾರ್ಲ್ ಅನ್ನೋ ಹೆಸರಿಂದಾನೇ ಪೋಲಿಷ್, ಚೆಕ್, ರಷ್ಯನ್ ಭಾಷೆಗಳಲ್ಲಿ ರಾಜ ಅನ್ನೋದಕ್ಕೆ ಕ್ರುಲ್, ಕ್ರಾಲ್, ಕರೋಲ್ ಅನ್ನೋ ಪದಗಳು ಹುಟ್ಟಿದ್ವು.

ಇವನ ಮನೆತನ ಮೊದಲಿಂದ ರಾಜಮನೆತನ ಅಲ್ಲ. ಅಜ್ಜ ಚಾರ್ಲ್ಸ್ ಮಾರ್ಟೆಲ್ ಅರಮನೆಯ ಮೇಯರ್, ಅಂದ್ರೆ ಸಿಂಹಾಸನದ ಮೇಲೆ ಮೆರೊವಿಂಜಿಯನ್ ವಂಶದ ರಾಜ ಸುಮ್ನೆ ಕೂತಿರ್ತಿದ್ದ, ದಂಡು, ದುಡ್ಡು, ತೀರ್ಮಾನ ಎಲ್ಲ ಈ ಮೇಯರ್ ಕೈಲಿ. ಅಪ್ಪ ಪೆಪಿನ್ 751ರಲ್ಲಿ ಆ ಕೊನೇ ರಾಜ ಮೂರನೇ ಚಿಲ್ಡೆರಿಕ್‌ನ ಕೂದಲು ಬೋಳಿಸಿ ಮಠಕ್ಕೆ ಕಳಿಸಿ ತಾನೇ ರಾಜ ಆದ. ಕೂದಲು ಬೋಳಿಸೋದು ಅಲ್ಲಿ ಸಣ್ಣ ವಿಷಯ ಅಲ್ಲ, ಮೆರೊವಿಂಜಿಯನ್ನರಿಗೆ ಉದ್ದ ಕೂದಲೇ ರಾಜತ್ವದ ಗುರುತು, ಅದು ಹೋದ್ರೆ ಪಟ್ಟಾನೇ ಹೋದಂಗೆ. 768ರಲ್ಲಿ ಪೆಪಿನ್ ಸತ್ತಾಗ ರಾಜ್ಯ ನಮ್ಮ ಶಾರ್ಲಮೇನ್, ಅಂದ್ರೆ ಚಾರ್ಲ್ಸ್‌ಗೂ ತಮ್ಮ ಕಾರ್ಲೊಮನ್‌ಗೂ ಪಾಲಾಯ್ತು, ಇಬ್ಬರಿಗೂ ಆಗ್ತಿರ್ಲಿಲ್ಲ, 771ರ ಡಿಸೆಂಬರಲ್ಲಿ ತಮ್ಮ ತೀರ್ಕೊಂಡ, ಅವನ ಹೆಂಡತಿ ಮಕ್ಕಳನ್ನ ಕರ್ಕೊಂಡು ಇಟಲಿಗೆ ಲೊಂಬಾರ್ಡ್ ರಾಜನ ಹತ್ರ ಓಡಿದ್ಲು. ಮೂರು ವರ್ಷ ತುಂಬೋದ್ರೊಳಗೆ ಚಾರ್ಲ್ಸ್ ಆ ಲೊಂಬಾರ್ಡ್ ರಾಜ್ಯಾನೂ ಗೆದ್ದು ಅದರ ಕಿರೀಟಾನೂ ಹಾಕ್ಕೊಂಡ.

ಪ್ರಶ್ನೆ: ಇಷ್ಟು ದೊಡ್ಡ ಚಕ್ರವರ್ತಿಗೆ ಬರೆಯೋಕೆ ಬರ್ತಿರ್ಲಿಲ್ಲ ಅಂತ ಯೂಟ್ಯೂಬಲ್ಲಿ ಕೇಳ್ದೆ. ನಿಜಾನಾ? ಹಾಗಿದ್ರೆ ಅಕ್ಷರಕ್ಕೂ ಅವನಿಗೂ ಏನು ಸಂಬಂಧ? (ಮೈಸೂರಿನ ಪದವಿ ವಿದ್ಯಾರ್ಥಿನಿ)

ಉತ್ತರ: ನಿಜ ಕಣಮ್ಮ, ಮತ್ತೆ ಅವನ ಬಗ್ಗೆ ನಂಗೆ ತುಂಬಾ ಇಷ್ಟವಾದ ವಿಷಯಾನೂ ಅದೇ. ಐನ್‌ಹಾರ್ಡ್ ಅಂತ ಅವನ ಆಸ್ಥಾನದಲ್ಲೇ ವರ್ಷಗಟ್ಟಲೆ ಇದ್ದ ಒಬ್ಬ ವಿದ್ವಾಂಸ, ಕುಳ್ಳ ಮನುಷ್ಯ, ರಾಜ ಸತ್ತಮೇಲೆ ಅವನ ಜೀವನಚರಿತ್ರೆ ಬರೆದ. ಅದ್ರಲ್ಲಿ ಹೇಳ್ತಾನೆ, ರಾಜ ಬರೆಯೋದು ಕಲಿಯೋಕೆ ಪ್ರಯತ್ನ ಮಾಡ್ತಿದ್ದ, ಹಲಗೆ, ಹಾಳೆ ಎಲ್ಲ ಹಾಸಿಗೇಲಿ ದಿಂಬಿನ ಕೆಳಗೆ ಇಟ್ಕೊಂಡಿರ್ತಿದ್ದ, ಬಿಡುವು ಸಿಕ್ಕಾಗೆಲ್ಲ ಕೈಗೆ ಅಕ್ಷರ ಅಭ್ಯಾಸ ಮಾಡಿಸ್ತಿದ್ದ, ಆದ್ರೆ ಶುರು ಮಾಡಿದ್ದೇ ತಡವಾಯ್ತು, ಕೈ ಕೂರಲಿಲ್ಲ. ಕತ್ತಿ ಹಿಡಿದು ಹಿಡಿದು ಬಿರುಸಾದ ಕೈಲಿ, ವಯಸ್ಸಾದ್ಮೇಲೆ, ರಾತ್ರಿ ದೀಪದ ಬೆಳಕಲ್ಲಿ ಅಕ್ಷರ ತಿದ್ದೋದು ಅಂದ್ರೆ ಸುಮ್ನೆ ಅಲ್ಲ. ಹಂಗಂತ ದಡ್ಡ ಅಂದ್ಕೋಬೇಡಿ, ಲ್ಯಾಟಿನ್ನು ತನ್ನ ಮಾತಿನಷ್ಟೇ ಸಲೀಸಾಗಿ ಆಡ್ತಿದ್ದ, ಗ್ರೀಕ್ ಆಡೋಕಿಂತ ಅರ್ಥ ಚೆನ್ನಾಗಿ ಆಗ್ತಿತ್ತು, ಊಟಕ್ಕೆ ಕೂತಾಗ ಪುಸ್ತಕ ಓದಿಸಿ ಕೇಳ್ತಿದ್ದ, ಸಂತ ಅಗಸ್ಟೀನನ ದೇವರ ನಗರ ಅನ್ನೋ ಗ್ರಂಥ ಅಂದ್ರೆ ಬಹಳ ಪ್ರೀತಿ. ಶಾಸನಪತ್ರಗಳಿಗೆ ಸಹಿ ಹಾಕ್ಬೇಕಾದಾಗ ಗುಮಾಸ್ತ ಅವನ ಹೆಸರಿನ ಅಕ್ಷರಗಳನ್ನ ಶಿಲುಬೆ ಥರ ಜೋಡಿಸಿ ಮುದ್ರೆ ಬರೀತಿದ್ದ, ನಡುವೆ ಇರೋ ಚಿಕ್ಕ ಗೆರೆ ಮಾತ್ರ ರಾಜ ಎಳೀತಿದ್ದ.

ಈಗ ಅಕ್ಷರದ ಸಂಬಂಧ. ಅವನ ಕಾಲಕ್ಕೆ ಲ್ಯಾಟಿನ್ ಬರವಣಿಗೆ ಒಂದೊಂದು ಮಠದಲ್ಲಿ ಒಂದೊಂದು ಥರ ಆಗಿತ್ತು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಓದೋಕೆ ಕಷ್ಟ, ಪದಗಳ ಮಧ್ಯೆ ಜಾಗಾನೂ ಸರಿಯಾಗಿ ಇರ್ತಿರ್ಲಿಲ್ಲ, ಪಾದ್ರಿಗಳ ಲ್ಯಾಟಿನ್ನೇ ತಪ್ಪುತಪ್ಪು. ತಪ್ಪು ಪುಸ್ತಕ ಇಟ್ಕೊಂಡು ಪ್ರಾರ್ಥನೆ ಮಾಡಿದ್ರೆ ಪ್ರಾರ್ಥನೇನೇ ತಪ್ಪಾಗುತ್ತಲ್ಲ ಅನ್ನೋ ಚಿಂತೆ ಅವನಿಗೆ ಗಟ್ಟಿಯಾಗಿ ಹಿಡೀತು. 781ರಲ್ಲಿ ಇಟಲಿಯ ಪಾರ್ಮಾದಲ್ಲಿ ಇಂಗ್ಲೆಂಡಿನ ಯಾರ್ಕ್ ಊರಿನ ಆಲ್ಕ್ವಿನ್ ಅನ್ನೋ ಮೇಷ್ಟ್ರು ಸಿಕ್ರು, ಅವರನ್ನ ಆಸ್ಥಾನಕ್ಕೆ ಕರೆಸ್ಕೊಂಡ. ಇಟಲಿಯಿಂದ, ಸ್ಪೇನಿಂದ, ಐರ್ಲೆಂಡಿಂದ ವಿದ್ವಾಂಸರು ಬಂದು ಸೇರಿದ್ರು. 789ರ ಆಜ್ಞೇಲಿ ಮಠಗಳಲ್ಲಿ, ಬಿಷಪ್ಪರ ಕೇಂದ್ರಗಳಲ್ಲಿ ಹುಡುಗರಿಗೆ ಶಾಲೆ ನಡೆಸ್ಬೇಕು, ಪುಸ್ತಕಗಳನ್ನ ತಿದ್ದಿ ಸರಿಮಾಡ್ಬೇಕು ಅಂತ ಹೇಳಿಸ್ದ. ಅದೇ ಕಾಲಕ್ಕೆ ಕಾರ್ಬಿ ಥರದ ಮಠಗಳಲ್ಲಿ ದುಂಡಗೆ, ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಇರೋ ಹೊಸ ಸಣ್ಣಕ್ಷರ ರೂಪ ತಗೊಂಡಿತ್ತು, ಅದು ರಾಜ್ಯ ಪೂರ್ತಿ ಹರಡ್ತು. ಇದನ್ನೇ ಕ್ಯಾರೊಲಿಂಜಿಯನ್ ಮಿನಸ್ಕ್ಯೂಲ್ ಅನ್ನೋದು, ಶಾರ್ಲಮೇನ್ ವಂಶದ ಹೆಸರಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಿ, ಯಾಕಂದ್ರೆ ಇದು ಎಷ್ಟು ದೊಡ್ಡದು ಅಂತ ಒಂದೇ ಸಲಕ್ಕೆ ಗೊತ್ತಾಗಲ್ಲ. ಸೀಸರ್ ಬರೆದದ್ದು, ರೋಮನ್ ಕವಿಗಳು ಬರೆದದ್ದು, ಇವತ್ತು ನಾವು ಓದೋ ಹಳೇ ಲ್ಯಾಟಿನ್ ಸಾಹಿತ್ಯದ ಬಹುಪಾಲಿಗೆ ಉಳಿದಿರೋ ಅತಿ ಹಳೇ ಪ್ರತಿ ಈ ಕಾಲದ ಲಿಪಿಕಾರರು ಕೈಲಿ ನಕಲು ಮಾಡಿದ್ದು. ಚರ್ಮದ ಹಾಳೆ, ಒಂದು ದೊಡ್ಡ ಪುಸ್ತಕಕ್ಕೆ ಮಂದೆಗಟ್ಟಲೆ ಕುರಿ ಕರು ಬೇಕು, ಚಳೀಲಿ ಕೂತು ಬರೀಬೇಕು. ಅವರು ಬರೀದೇ ಇದ್ದಿದ್ರೆ ಎಷ್ಟೋ ಕೃತಿಗಳ ಹೆಸರಷ್ಟೇ ಉಳೀತಿತ್ತು. ಆರುನೂರು ವರ್ಷ ಆದ್ಮೇಲೆ ಇಟಲಿಯ ವಿದ್ವಾಂಸರಿಗೆ ಈ ಪ್ರತಿಗಳು ಸಿಕ್ಕಾಗ ಇದು ಪುರಾತನ ರೋಮನ್ನರದ್ದೇ ಬರಹ ಅಂದ್ಕೊಂಡು ಅದನ್ನೇ ಅನುಕರಿಸಿದ್ರು, ಆಮೇಲೆ ಪ್ರಿಂಟಿಂಗ್ ಬಂದಾಗ ಅಚ್ಚಿನ ಮೊಳೆಗಳೂ ಅದೇ ರೂಪ ತಗೊಂಡ್ವು. ನಿಮ್ಮ ಫೋನಿನ ಕೀಬೋರ್ಡಲ್ಲಿ ಇಂಗ್ಲಿಷ್ ಸಣ್ಣಕ್ಷರ ಒತ್ತಿದಾಗ ಮೂಡೋ ಆಕಾರ ಅಲ್ಲಿಂದ ಬಂದಿದ್ದು.

ಇನ್ನೊಂದು ವಿಷಯ, ಕನ್ನಡದವರಾಗಿ ನಮಗೆ ತಟ್ಟೋದು. ಎಲ್ಲ ಲ್ಯಾಟಿನ್‌ಮಯ ಆಗಿದ್ದ ಆ ಕಾಲದಲ್ಲೂ ಅವನು ತನ್ನ ಮನೆಮಾತಿಗೆ ವ್ಯಾಕರಣ ಬರೆಸೋಕೆ ಶುರು ಮಾಡ್ದ, ಹಳೇ ರಾಜರ ಯುದ್ಧದ ಹಾಡುಗಳನ್ನ ಬರೆಸಿ ಇಡಿಸ್ದ, ಹನ್ನೆರಡು ತಿಂಗಳಿಗೂ ತನ್ನ ಭಾಷೇಲೇ ಹೆಸರಿಟ್ಟ. ಆ ವ್ಯಾಕರಣವೂ ಉಳಿದಿಲ್ಲ, ಹಾಡಿನ ಸಂಗ್ರಹವೂ ಉಳಿದಿಲ್ಲ, ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಮದುವೇನೇ ಮಾಡ್ಲಿಲ್ಲ ಅಂತಾರಲ್ಲ? (ಹಾಸನ)

ಉತ್ತರ: ಹೌದು, ಮಾಡ್ಲಿಲ್ಲ. ಅವರನ್ನ ಬಿಟ್ಟಿರೋಕೆ ಆಗಲ್ಲ ಅಂತಿದ್ದ ಅಂತ ಐನ್‌ಹಾರ್ಡ್ ಬರೀತಾನೆ, ಅಳಿಯಂದಿರು ಬಂದ್ರೆ ರಾಜ್ಯಕ್ಕೆ ಹಕ್ಕುದಾರರೂ ಬರ್ತಾರೆ ಅನ್ನೋ ಲೆಕ್ಕಾಚಾರಾನೂ ಇತ್ತು ಅಂತ ನನ್ನ ಅಭಿಪ್ರಾಯ. ಬರ್ತಾ ಅನ್ನೋ ಮಗಳಿಗೆ ಆಸ್ಥಾನಕವಿ ಆಂಗಿಲ್‌ಬರ್ಟ್ ಜೊತೆ ಮಕ್ಕಳಾದ್ವು, ರಾಜ ಅದನ್ನ ನೋಡಿಯೂ ಸುಮ್ಮನಿದ್ದ. ಆ ಮಕ್ಕಳಲ್ಲೊಬ್ಬ ನಿಥಾರ್ಡ್, ದೊಡ್ಡ ಇತಿಹಾಸಕಾರ ಆದ, ಅವನ ವಿಷಯ ಕೊನೇಲಿ ಬರುತ್ತೆ.

ಪ್ರಶ್ನೆ: ಒಂದೇ ದಿನ ನಾಲ್ಕೂವರೆ ಸಾವಿರ ಜನರ ತಲೆ ಕಡಿಸಿದವನನ್ನ ಮಹಾನ್ ಅಂತ ಕರೆಯೋದು ಎಷ್ಟು ಸರಿ? ನೀವು ಅಕ್ಷರ ಅಕ್ಷರ ಅಂತ ಹೊಗಳಿ ಇದನ್ನ ಮರೆಸ್ಬೇಡಿ. (ಬೆಳಗಾವಿ)

ಉತ್ತರ: ಮರೆಸಲ್ಲ. ಕೇಳಿದ್ದು ಒಳ್ಳೇದಾಯ್ತು.

ಈಗಿನ ಉತ್ತರ ಜರ್ಮನಿ ಕಡೆ ಸ್ಯಾಕ್ಸನ್ನರು ಅಂತ ಜನ ಇದ್ರು, ಅವರಿಗೆ ಒಬ್ಬ ರಾಜ ಇಲ್ಲ, ತಮ್ಮದೇ ದೇವರುಗಳು. ಎರಡೂ ಕಡೆಯಿಂದ ಗಡಿ ದಾಟಿ ಲೂಟಿ, ಬೆಂಕಿ ಮೊದಲಿಂದ ಇದ್ದದ್ದೇ. 772ರಲ್ಲಿ ಚಾರ್ಲ್ಸ್ ಹೋಗಿ ಅವರ ಪವಿತ್ರ ಸ್ತಂಭ ಇರ್ಮಿನ್‌ಸುಲ್‌ನ ಕಡಿಸಿ ಹಾಕ್ದ, ಅಲ್ಲಿಂದ ಶುರುವಾದ ಯುದ್ಧ ಮುಗಿಯೋ ಹೊತ್ತಿಗೆ 804. ಮೂವತ್ತೆರಡು ವರ್ಷ. ಅವನು ಗೆದ್ದು ಬರೋದು, ಅವರು ಕ್ರೈಸ್ತರಾಗೋ ದೀಕ್ಷಾಸ್ನಾನ ತಗೊಂಡು ಒಪ್ಪಿದೀವಿ ಅನ್ನೋದು, ಇವನು ಇಟಲಿಗೋ ಸ್ಪೇನಿಗೋ ಹೋದ ತಕ್ಷಣ ವಿಡುಕಿಂಡ್ ಅನ್ನೋ ನಾಯಕನ ಹಿಂದೆ ಮತ್ತೆ ದಂಗೆ ಏಳೋದು. 782ರಲ್ಲಿ ಜ್ಯುಂಟೆಲ್ ಬೆಟ್ಟದ ಹತ್ರ ಫ್ರಾಂಕರ ಸೈನ್ಯ ಕೆಟ್ಟದಾಗಿ ಸೋತು ಇಬ್ಬರು ರಾಜಪ್ರತಿನಿಧಿಗಳು, ಕೌಂಟ್ ಅನ್ನೋ ಪ್ರಾಂತ್ಯಾಧಿಕಾರಿಗಳು ನಾಲ್ಕು ಜನ ಸತ್ರು. ಚಾರ್ಲ್ಸ್ ತಾನೇ ಬಂದ, ವಿಡುಕಿಂಡ್ ಡೆನ್ಮಾರ್ಕ್ ಕಡೆಗೆ ತಪ್ಪಿಸ್ಕೊಂಡಿದ್ದ, ಸ್ಯಾಕ್ಸನ್ ಮುಖಂಡರು ಉಳಿದ ದಂಗೆಕೋರರನ್ನ ಹಿಡಿದು ಒಪ್ಪಿಸಿದ್ರು, ಆಲರ್ ನದಿ ದಡದ ವೆರ್ಡನ್‌ನಲ್ಲಿ ಒಂದೇ ದಿನ 4,500 ಜನರ ತಲೆ ಕಡಿಸ್ದ. ಇದನ್ನ ಶತ್ರುಗಳು ಬರೆದದ್ದಲ್ಲ, ಫ್ರಾಂಕರ ಅರಮನೆಯ ವಾರ್ಷಿಕ ದಾಖಲೆಯಲ್ಲೇ ಇರೋದು. ಸಂಖ್ಯೆ ಉಬ್ಬಿಸಿದ್ದು ಅನ್ನೋ ಇತಿಹಾಸಕಾರರಿದ್ದಾರೆ, ಆದ್ರೆ ಅರ್ಧ ಮಾಡಿದ್ರೂ ಕೊಲೆ ಕೊಲೇನೇ.

ನನ್ನನ್ನ ಅದಕ್ಕಿಂತ ಕಾಡೋದು ಆಮೇಲೆ ಮಾಡಿದ ಕಾನೂನು. ದೀಕ್ಷಾಸ್ನಾನ ಬೇಡ ಅಂದ್ರೆ ಮರಣದಂಡನೆ, ಸತ್ತವರನ್ನ ತಮ್ಮ ಪದ್ಧತಿ ಪ್ರಕಾರ ಸುಟ್ರೆ ಮರಣದಂಡನೆ, ಕ್ರೈಸ್ತಧರ್ಮಾನ ಧಿಕ್ಕರಿಸಿ ಉಪವಾಸದ ಕಾಲದಲ್ಲಿ ಮಾಂಸ ತಿಂದ್ರೂ ಮರಣದಂಡನೆ. ಸಿಟ್ಟಲ್ಲಿ ಆದ ಕೊಲೆ ಬೇರೆ, ಕೂತು ಯೋಚಿಸಿ ಬರೆಸಿದ ಕಾನೂನು ಬೇರೆ. ಇದು ತಪ್ಪು ಅಂತ ಅವನ ಮುಖಕ್ಕೆ ಹೇಳೋ ಧೈರ್ಯ ಆ ಕಾಲದಲ್ಲೇ ಒಬ್ಬರಿಗಿತ್ತು, ಅದೇ ಆಲ್ಕ್ವಿನ್ ಮೇಷ್ಟ್ರು. ನಂಬಿಕೆ ಅನ್ನೋದು ಮನಸ್ಸಿಂದ ಬರಬೇಕು, ಬಲವಂತದಿಂದ ಬರಲ್ಲ, ಮೊದಲು ಕಲಿಸಿ ಆಮೇಲೆ ಸ್ನಾನ ಮಾಡಿಸಿ, ಚರ್ಚಿಗೆ ಕೊಡೋ ದಶಾಂಶ ತೆರಿಗೆ ಹೇರಿ ಹೊಸಬರ ಭಕ್ತೀನೇ ಹಾಳುಮಾಡ್ಬೇಡಿ ಅನ್ನೋ ಅರ್ಥದಲ್ಲಿ 796ರ ಸುಮಾರಿಗೆ ಕಾಗದ ಬರೆದ್ರು. ಮರುವರ್ಷ ಕಾನೂನು ಮೆತ್ತಗಾಯ್ತು, ಎಷ್ಟೋ ತಪ್ಪಿಗೆ ಸಾವಿನ ಬದಲು ದಂಡ ಬಂತು. ಆದ್ರೂ 804ರಲ್ಲಿ ಎಲ್ಬ್ ನದಿ ಕಡೆಯ ಹತ್ತು ಸಾವಿರ ಜನರನ್ನ ಹೆಂಡತಿ ಮಕ್ಕಳ ಸಮೇತ ಕಿತ್ತು ಬೇರೆ ಬೇರೆ ಕಡೆ ಚೆಲ್ಲಿದ್ರು ಅಂತ ಐನ್‌ಹಾರ್ಡೇ ಬರೆದಿದ್ದಾನೆ.

ಮಹಾನ್ ಅನ್ನೋ ಪದ ಬಿರುದಾಗಿ ಅಂಟ್ಕೊಂಡಿದೆ, ತೆಗೆಯೋಕೆ ಆಗಲ್ಲ, ನಾನು ಅದನ್ನ ಹೆಸರಿನ ಭಾಗ ಅಂತ ಮಾತ್ರ ಬಳಸ್ತೀನಿ. ಇನ್ನೊಂದು ಎಚ್ಚರಿಕೆ, ಇವನನ್ನ ಪೂಜೆ ಮಾಡೋರೂ ಬೈಯೋರೂ ತಮ್ಮ ಕೆಲಸಕ್ಕೆ ಬಳಸ್ಕೊಂಡಿದಾರೆ. 1935ರಲ್ಲಿ ನಾಜಿಗಳು ವೆರ್ಡನ್ ಹತ್ರ ಸತ್ತ ಸ್ಯಾಕ್ಸನ್ನರ ಹೆಸರಲ್ಲಿ 4,500 ಕಲ್ಲು ನಿಲ್ಲಿಸಿದ್ರು, ಹತ್ತು ವರ್ಷದೊಳಗೆ ಅದೇ ಆಡಳಿತ ಫ್ರೆಂಚ್ ಸ್ವಯಂಸೇವಕರಿದ್ದ ನಾಜಿ ಪಡೆಯ ಒಂದು ಎಸ್‌ಎಸ್ ಡಿವಿಷನ್ನಿಗೆ ಶಾರ್ಲಮೇನ್ ಅಂತಾನೇ ಹೆಸರಿಟ್ಟಿತು.

ಪ್ರಶ್ನೆ: ಕ್ರಿಸ್ಮಸ್ ದಿನ ಪೋಪ್ ಹಿಂದಿನಿಂದ ಬಂದು ಕಿರೀಟ ಇಟ್ಬಿಟ್ರು, ಅವನಿಗೆ ಗೊತ್ತೇ ಇರ್ಲಿಲ್ಲ ಅನ್ನೋದು ನಂಬೋ ಮಾತಾ? (ಮಂಗಳೂರು)

ಉತ್ತರ: ನಾನಂತೂ ಪೂರ್ತಿ ನಂಬಲ್ಲ. 799ರ ಏಪ್ರಿಲಲ್ಲಿ ರೋಮ್‌ನಲ್ಲಿ ಪೋಪ್ ಮೂರನೇ ಲಿಯೋ ಮೇಲೆ ವಿರೋಧಿಗಳು ಬಿದ್ದು ಕಣ್ಣು ನಾಲಿಗೆ ಕೀಳೋಕೆ ನೋಡಿದ್ರು, ಅವರು ಹೇಗೋ ತಪ್ಪಿಸ್ಕೊಂಡು ಆಲ್ಪ್ಸ್ ದಾಟಿ ಪಾಡರ್‌ಬೋರ್ನ್‌ಗೆ ಚಾರ್ಲ್ಸ್ ಹತ್ರಾನೇ ಬಂದ್ರು. ಅಲ್ಲಿ ಇಬ್ಬರೂ ಕೂತು ಮಾತಾಡಿದಾರೆ, ಏನೂ ತೀರ್ಮಾನ ಆಗದೆ ಇರುತ್ತಾ? ಮಾರನೇ ವರ್ಷ ಚಾರ್ಲ್ಸ್ ರೋಮ್‌ಗೆ ಹೋದ, ಡಿಸೆಂಬರ್ 23ಕ್ಕೆ ಪೋಪ್ ತಮ್ಮ ಮೇಲಿನ ಆರೋಪ ಸುಳ್ಳು ಅಂತ ಪ್ರಮಾಣ ಮಾಡಿದ್ರು, 25ಕ್ಕೆ ಸಂತ ಪೀಟರ್ ಚರ್ಚಲ್ಲಿ ಚಕ್ರವರ್ತಿ ಕಿರೀಟ. ಆಗ ಪೂರ್ವದ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ಲಲ್ಲಿ ಆಳ್ತಿದ್ದದ್ದು ಐರೀನ್, ಹೆತ್ತ ಮಗನ ಕಣ್ಣು ಕೀಳಿಸಿ ಪಟ್ಟಕ್ಕೆ ಬಂದ ರಾಣಿ, ಹೆಂಗಸು ಆಳಿದ್ರೆ ಚಕ್ರವರ್ತಿ ಸ್ಥಾನ ಖಾಲಿ ಅನ್ನೋ ವಾದಾನೂ ಪಶ್ಚಿಮದವರಿಗೆ ಅನುಕೂಲವಾಯ್ತು. ಗೊತ್ತಿದ್ರೆ ಆ ದಿನ ಚರ್ಚಿಗೇ ಹೋಗ್ತಿರ್ಲಿಲ್ಲ ಅಂತ ಅವನು ಹೇಳ್ತಿದ್ದ ಅಂತ ಐನ್‌ಹಾರ್ಡ್ ಬರೆದಿರೋದು ನಿಜ. ನನಗನ್ನಿಸೋದು, ಬೇಸರ ಇದ್ದದ್ದು ಕಿರೀಟದ ಬಗ್ಗೆ ಅಲ್ಲ, ಅದು ಪೋಪ್ ಕೈಯಿಂದ ಬಂತು ಅನ್ನೋದ್ರ ಬಗ್ಗೆ. ಯಾಕಂದ್ರೆ 813ರಲ್ಲಿ ಮಗ ಲೂಯಿಗೆ ಪಟ್ಟ ಕಟ್ಟುವಾಗ ತನ್ನ ಅರಮನೆ ಇದ್ದ ಊರು ಆಖೆನ್‌ನಲ್ಲಿ, ತನ್ನದೇ ಚರ್ಚಲ್ಲಿ, ಪೋಪ್ ಇಲ್ಲದೆ ಕಾರ್ಯ ಮುಗಿಸ್ದ.

ಪ್ರಶ್ನೆ: ಆನೆಗಳ ಜೊತೆ ಬೆಳೆದವನು ನಾನು. ಬಾಗ್ದಾದಿನ ಖಲೀಫ ಅವನಿಗೆ ಆನೆ ಕಳಿಸಿದ್ದ ಅಂತ ಓದಿದೆ, ಹಿಮದ ಬೆಟ್ಟ ದಾಟಿ ಆನೆ ಹೋಗಿದ್ದು ಹೇಗೆ? (ಕೊಡಗು)

ಉತ್ತರ: ಆನೆ ಹೆಸರು ಅಬುಲ್ ಅಬ್ಬಾಸ್. 797ರಲ್ಲಿ ಚಾರ್ಲ್ಸ್ ಆ ಖಲೀಫ ಹಾರೂನ್ ಅಲ್ ರಶೀದ್ ಹತ್ರ ಮೂರು ಜನ ದೂತರನ್ನ ಕಳಿಸಿದ್ದ, ಇಬ್ಬರು ದಾರೀಲೇ ಸತ್ರು, ಮೂರನೆಯವನು ಐಸಾಕ್ ಅನ್ನೋ ಯಹೂದಿ, ಅವನೊಬ್ಬನೇ ಆನೆ ಹೊಡ್ಕೊಂಡು ಉತ್ತರ ಆಫ್ರಿಕಾ ಕಡೆಯಿಂದ ಹಡಗಲ್ಲಿ 801ರ ಅಕ್ಟೋಬರಲ್ಲಿ ಇಟಲಿಯ ಪೋರ್ಟೊವೆನೆರೆ ಬಂದರಿಗೆ ಬಂದ. ಆಲ್ಪ್ಸ್ ಮೇಲೆ ಹಿಮ ಬಿದ್ದಿತ್ತು, ಅದಕ್ಕೇ ವೆರ್ಚೆಲ್ಲಿ ಊರಲ್ಲಿ ಚಳಿಗಾಲ ಕಳೆದು ಬೇಸಿಗೇಲಿ ಬೆಟ್ಟ ದಾಟಿಸಿ 802ರ ಜುಲೈ 20ಕ್ಕೆ ಆಖೆನ್‌ಗೆ ತಲುಪಿಸ್ದ. ಮಾವುತನ ಕೆಲಸ ಗೊತ್ತಿರೋ ನಿಮಗೆ ಆ ಐಸಾಕ್ ಎಂಥಾ ಮನುಷ್ಯ ಅಂತ ನಾನು ಹೇಳ್ಬೇಕಾಗಿಲ್ಲ. 810ರಲ್ಲಿ ಡೆನ್ಮಾರ್ಕಿನ ರಾಜನ ಮೇಲೆ ದಂಡು ಹೊರಟಾಗ ರೈನ್ ದಾಟಿದ ಮೇಲೆ ಆನೆ ಇದ್ದಕ್ಕಿದ್ದಂಗೆ ಸತ್ತುಹೋಯ್ತು, ಅರಮನೆಯ ದಾಖಲೆಯವರು ಅದನ್ನೂ ಬರೆದಿಟ್ರು. ಬಿಳಿ ಆನೆ ಅಂತ ನೀವು ಎಲ್ಲಾದ್ರೂ ಓದಿದ್ರೆ ಅದು ಆ ಕಾಲದ ಬರಹದಲ್ಲಿ ಇಲ್ಲ, ಆಮೇಲೆ ಸೇರಿದ್ದು. ಇನ್ನೊಂದು ಸಂಗತಿ ಕೇಳಿ, ಆನೆ ಮಲಗೋದೇ ಇಲ್ಲ ಅಂತ ಹಳೇ ಪುಸ್ತಕದಲ್ಲಿ ಇತ್ತು, ಡಿಕುಯಿಲ್ ಅನ್ನೋ ಐರಿಷ್ ಸನ್ಯಾಸಿ 825ರಲ್ಲಿ ಭೂಗೋಳದ ಪುಸ್ತಕ ಬರೀತಾ ಅದು ತಪ್ಪು, ಎತ್ತು ಮಲಗೋ ಹಾಗೇ ಮಲಗುತ್ತೆ, ಫ್ರಾಂಕರ ರಾಜ್ಯದ ಜನ ಕಣ್ಣಾರೆ ನೋಡಿದಾರೆ ಅಂತ ತಿದ್ದಿದ.

ಪ್ರಶ್ನೆ: ಪೌಂಡ್, ಶಿಲ್ಲಿಂಗ್, ಪೆನ್ಸ್ ಲೆಕ್ಕ ಇವನದ್ದೇನಾ? (ತುಮಕೂರಿನ ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: ಲೆಕ್ಕ ಗಟ್ಟಿಯಾಗಿ ಕೂತಿದ್ದು ಇವನ ಕಾಲದಲ್ಲಿ. ಒಂದು ಪೌಂಡ್ ತೂಕದ ಬೆಳ್ಳಿಗೆ 240 ದೆನಾರಿಯಸ್ ನಾಣ್ಯ, ಅಂದ್ರೆ ಪೆನ್ನಿ, ಹನ್ನೆರಡು ನಾಣ್ಯಕ್ಕೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್. 793ರ ಸುಮಾರಿಗೆ ಪೌಂಡಿನ ತೂಕ ಹೆಚ್ಚಿಸಿ ನಾಣ್ಯಾನ ಭಾರ ಮಾಡಿಸ್ದ, 794ರಲ್ಲಿ ಫ್ರಾಂಕ್‌ಫರ್ಟ್ ಸಭೇಲಿ ಹೊಸ ನಾಣ್ಯ ಯಾರೂ ಬೇಡ ಅನ್ನಂಗಿಲ್ಲ ಅಂತ ಆಜ್ಞೆ ಆಯ್ತು, ರೊಟ್ಟಿಗೂ ಧಾನ್ಯಕ್ಕೂ ಗರಿಷ್ಠ ಬೆಲೆ ಕಟ್ಟಿದ್ರು. ಬ್ರಿಟನ್ನಿನವರು 1971ರ ಫೆಬ್ರವರಿ ತನಕ ಈ 240ರ ಲೆಕ್ಕದಲ್ಲೇ ಇದ್ರು.

ಪ್ರಶ್ನೆ: ಎರಡು ನದಿ ಜೋಡಿಸೋಕೆ ಹೋಗಿ ಸೋತ ಅಂತಾರೆ? (ಹುಬ್ಬಳ್ಳಿ, ಸಿವಿಲ್ ಇಂಜಿನಿಯರ್)

ಉತ್ತರ: 793ರಲ್ಲಿ ಬವೇರಿಯಾದಲ್ಲಿ ಆಲ್ಟ್‌ಮ್ಯೂಲ್, ರೆಜಾಟ್ ಅನ್ನೋ ಎರಡು ಸಣ್ಣ ಹೊಳೆ ಮಧ್ಯೆ ಕಾಲುವೆ ಅಗೆಸ್ದ, ಅದು ಪೂರ್ತಿಯಾದ್ರೆ ಡ್ಯಾನ್ಯೂಬ್‌ನಿಂದ ರೈನ್ ತನಕ ದೋಣಿ ಹೋಗ್ಬೇಕು ಅಂತ. ಬಿಡದೆ ಮಳೆ ಬಂತು, ಹಗಲು ಅಗೆದ ಮಣ್ಣು ರಾತ್ರಿ ಜಾರಿ ವಾಪಸ್ ಬೀಳ್ತಿತ್ತು ಅಂತ ದಾಖಲೆ. ಅಲ್ಲಿನ ಹಳ್ಳಿ ಹೆಸರೇ ಗ್ರಾಬೆನ್, ಅಂದ್ರೆ ಅಗಳು, ದಿಬ್ಬಗಳು ಈಗ್ಲೂ ಕಾಣ್ತವೆ. ಈಗಿನ ರೈನ್ ಡ್ಯಾನ್ಯೂಬ್ ಕಾಲುವೆ ಪೂರ್ತಿಯಾಗಿದ್ದು 1992ರಲ್ಲಿ.

ಪ್ರಶ್ನೆ: ಅದೇ ಕಾಲಕ್ಕೆ ನಮ್ಮ ಮಳಖೇಡದ ರಾಷ್ಟ್ರಕೂಟರು ಇದ್ರಲ್ವಾ? ಏನಾದ್ರೂ ಸಂಪರ್ಕ ಇತ್ತಾ? (ಕಲಬುರಗಿ)

ಉತ್ತರ: ಕಾಲ ಸರಿಯಾಗಿ ಹೊಂದುತ್ತೆ, ನೇರ ಸಂಪರ್ಕದ ಕುರುಹು ಯಾವ ಕಡೆ ದಾಖಲೇಲೂ ಇಲ್ಲ. ಶಾರ್ಲಮೇನ್ ಸತ್ತಿದ್ದು 814ರ ಜನವರಿ 28ಕ್ಕೆ, ನಮ್ಮ ಮೂರನೇ ಗೋವಿಂದನ ಆಳ್ವಿಕೆ ಮುಗಿದು ಹುಡುಗ ಅಮೋಘವರ್ಷ ಪಟ್ಟಕ್ಕೆ ಬಂದಿದ್ದೂ 814ರಲ್ಲೇ ಅಂತ ಇತಿಹಾಸಕಾರರು ಹೇಳ್ತಾರೆ. ಶಾಲೆ ಪುಸ್ತಕದಲ್ಲಿ ಓದಿರ್ತೀರಿ, 851ರ ಅರಬ್ ವ್ಯಾಪಾರಿ ಸುಲೈಮಾನನ ವೃತ್ತಾಂತದಲ್ಲಿ ಜಗತ್ತಿನ ನಾಲ್ಕು ದೊಡ್ಡ ರಾಜರ ಪಟ್ಟಿ ಇದೆ, ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮ್‌ನ ಚಕ್ರವರ್ತಿ, ಮತ್ತೆ ಬಲ್ಹರ, ಅಂದ್ರೆ ನಮ್ಮ ರಾಷ್ಟ್ರಕೂಟ. ಅಲ್ಲಿ ರೂಮ್ ಅಂದ್ರೆ ಕಾನ್‌ಸ್ಟಾಂಟಿನೋಪಲ್. ಹಿಂದೂ ಮಹಾಸಾಗರದ ವ್ಯಾಪಾರಿಯ ಕಣ್ಣಿಗೆ ಮಳಖೇಡ ಕಾಣ್ತಿತ್ತು, ಆಖೆನ್ ಕಾಣ್ತಿರ್ಲಿಲ್ಲ. ಮತ್ತೆ ಶಾರ್ಲಮೇನ್ ಮನೆಮಾತಿನ ವ್ಯಾಕರಣ ಕಳೆದುಹೋಯ್ತು ಅಂದೆನಲ್ಲ, ಅಮೋಘವರ್ಷನ ಆಸ್ಥಾನದ ಕವಿರಾಜಮಾರ್ಗ ನಮಗೆ ಉಳೀತು, ಈಗ್ಲೂ ತೆಗೆದು ಓದಬಹುದು.

ಪ್ರಶ್ನೆ: ಅವನ ಸಾಮ್ರಾಜ್ಯ ಎಷ್ಟು ದಿನ ಉಳೀತು? ಯುರೋಪಿಗೆ ಹೋದ್ರೆ ಅವನದ್ದು ಏನು ನೋಡಬಹುದು? (ಬೆಂಗಳೂರು, ಮುಂದಿನ ವರ್ಷ ಜರ್ಮನಿಗೆ ಹೊರಟಿರೋ ದಂಪತಿ)

ಉತ್ತರ: ಸತ್ತು ಮೂವತ್ತು ವರ್ಷ ತುಂಬೋದ್ರೊಳಗೆ ಮೂರು ಪಾಲು. ಮೂರು ಗಂಡುಮಕ್ಕಳಿಗೆ ಹಂಚಿ 806ರಲ್ಲಿ ವಿಲ್ ಥರ ಬರೆಸಿದ್ದ, ಅದ್ರಲ್ಲಿ ಇಬ್ಬರು 810, 811ರಲ್ಲಿ ಅವನ ಕಣ್ಣೆದುರೇ ಹೋದ್ರು, ಉಳಿದ ಲೂಯಿಗೆ ಎಲ್ಲ ಬಂತು, ಲೂಯಿಯ ಮಕ್ಕಳು ಬಡಿದಾಡ್ಕೊಂಡು 843ರಲ್ಲಿ ವೆರ್ಡುನ್ (ಮೇಲಿನ ವೆರ್ಡನ್ ಅಲ್ಲ, ಬೇರೆ ಊರು) ಒಪ್ಪಂದದಲ್ಲಿ ಹಂಚ್ಕೊಂಡ್ರು. ಪಶ್ಚಿಮದ ಪಾಲು ಮುಂದೆ ಫ್ರಾನ್ಸ್ ಆಯ್ತು, ಪೂರ್ವದ್ದು ಜರ್ಮನಿ ಆಯ್ತು, ನಡುವಿನ ಪಟ್ಟಿಗೆ ಇಬ್ಬರೂ ಇಪ್ಪತ್ತನೇ ಶತಮಾನದ ತನಕ ಹೊಡೆದಾಡಿದ್ರು. ಅದಕ್ಕೆ ಒಂದು ವರ್ಷ ಮುಂಚೆ, 842ರ ಫೆಬ್ರವರಿ 14ಕ್ಕೆ ಸ್ಟ್ರಾಸ್‌ಬರ್ಗಲ್ಲಿ ಇಬ್ಬರು ಅಣ್ಣತಮ್ಮಂದಿರು ಒಬ್ಬರ ಸೈನ್ಯಕ್ಕೆ ಅರ್ಥ ಆಗೋ ಹಾಗೆ ಇನ್ನೊಬ್ಬರು ಆಣೆ ಮಾಡಿದ್ರು, ಒಂದು ಆಣೆ ಹಳೇ ಜರ್ಮನ್‌ನಲ್ಲಿ, ಇನ್ನೊಂದು ಆಗಷ್ಟೇ ಲ್ಯಾಟಿನ್‌ನಿಂದ ಬೇರೆ ಆಗ್ತಿದ್ದ ಫ್ರೆಂಚಿನ ಮೊದಲ ರೂಪದಲ್ಲಿ. ಅದನ್ನ ಪದಕ್ಕೆ ಪದ ಬರೆದಿಟ್ಟವನು ನಿಥಾರ್ಡ್, ಮದುವೆ ಮಾಡಿಸದ ಆ ಮಗಳ ಮಗ. ಬರೆದ ಫ್ರೆಂಚ್ ಅಲ್ಲಿಂದ ಶುರು ಅಂತ ಎಣಿಸ್ತಾರೆ.

ನೀವು ಆಖೆನ್‌ಗೆ ಹೋಗಿ, ಬೆಲ್ಜಿಯಂ, ನೆದರ್‌ಲೆಂಡ್ಸ್ ಗಡಿ ಪಕ್ಕದಲ್ಲೇ ಇದೆ. ಬಿಸಿನೀರಿನ ಬುಗ್ಗೆ ಇರೋ ಊರು, ಈಜೋದು ಅಂದ್ರೆ ಅವನಿಗೆ ಪ್ರಾಣ, ಕೆಲವೊಮ್ಮೆ ನೂರು ಜನರನ್ನ ಜೊತೆಗೆ ನೀರಿಗೆ ಇಳಿಸ್ಕೊಳ್ತಿದ್ದನಂತೆ. ಅಲ್ಲಿನ ಕೆಥೆಡ್ರಲ್ಲಿನ ನಡುಭಾಗ ಅವನು ಕಟ್ಟಿಸಿದ ಎಂಟು ಮೂಲೆಯ ಪ್ರಾರ್ಥನಾ ಮಂದಿರ, ಕಂಬಗಳಿಗೆ ರೋಮ್, ರವೆನ್ನಾದಿಂದ ಕಲ್ಲು ತರಿಸಿದ್ದು. ಯುನೆಸ್ಕೋ 1978ರಲ್ಲಿ ಮಾಡಿದ ಮೊಟ್ಟಮೊದಲ ಹನ್ನೆರಡು ಹೆಸರಿನ ಪಟ್ಟೀಲೇ ಇದು ಇತ್ತು. ಅವನ ಮೂಳೆಗಳು 1215ರಲ್ಲಿ ಮುಗಿದ ಚಿನ್ನದ ಪೆಟ್ಟಿಗೇಲಿ ಇವೆ, ಜನ ಅದರ ಮುಂದೇನೇ ಜಾಸ್ತಿ ಹೊತ್ತು ನಿಲ್ತಾರೆ, ನೀವು ಮಾತ್ರ ಗೈಡ್ ಜೊತೆ ಮೇಲಿನ ಅಂತಸ್ತಿಗೆ ಹತ್ತಿ ಸಿಂಹಾಸನ ನೋಡದೆ ಬರಬೇಡಿ. ಚಿನ್ನ ಇಲ್ಲ, ಕೆತ್ತನೆ ಇಲ್ಲ, ನಾಲ್ಕು ಅಮೃತಶಿಲೆ ಚಪ್ಪಡೀನ ಕಂಚಿನ ಪಟ್ಟಿಯಿಂದ ಬಿಗಿದಿದಾರೆ ಅಷ್ಟೇ, 936ರಿಂದ 1531ರವರೆಗೆ ಸುಮಾರು ಮೂವತ್ತು ಜನ ಜರ್ಮನ್ ರಾಜರು ಪಟ್ಟ ಆದಮೇಲೆ ಹತ್ತಿ ಕೂತಿದ್ದು ಅದ್ರ ಮೇಲೇನೇ. ಪಕ್ಕದ ಚಪ್ಪಡಿ ಮೇಲೆ ಬಗ್ಗಿ ನೋಡಿ, ಗೀರಿದ ಗೆರೆ ಕಾಣುತ್ತೆ, ಒಂದರೊಳಗೊಂದು ಚೌಕ. ಕಲ್ಲು ಸಿಂಹಾಸನ ಆಗೋಕೆ ಮುಂಚೆ ಬೇರೆಲ್ಲೋ ನೆಲದಲ್ಲಿದ್ದಾಗ ಯಾರೋ ಕೂತು ಆಡೋಕೆ ಗೀಚಿದ ಆಟದ ಮನೆ ಅದು. ನಮ್ಮ ದೇವಸ್ಥಾನಗಳ ಜಗಲಿ ಕಲ್ಲಿನ ಮೇಲೆ ನೋಡಿರ್ತೀರಿ, ನವಕಂಕರಿ.